ಮೊದಲು ಹಗ್ಗ, ಆಮೇಲೆ ಮಷೀನು

30-40 ಸೈಟಿನಲ್ಲಿ ಮನೆ ಕಟ್ಟಿಸುವವರ ನಕ್ಷೆ ಬಿಡಿಸಿದರೆ ದೇವರ ಮನೆಯ ದಿಕ್ಕು, ಒಲೆಯ ಮೂಲೆ, ಕಾರು ನಿಲ್ಲುವ ಅಳತೆ ಎಲ್ಲವೂ ಮೊದಲೇ ತೀರ್ಮಾನವಾಗಿರುತ್ತವೆ. ಬಟ್ಟೆಯ ಪಾಲಿಗೆ ಬರುವುದು ಅಡುಗೆ ಮನೆಯ ಬೆನ್ನಿಗಿರುವ 4 ಅಡಿ ಅಗಲ, 6 ಅಡಿ ಉದ್ದದ ಒಂದು ಸಂದು. ಎಲ್ಲರ ಬಾಯಲ್ಲಿ ಅದು ಯುಟಿಲಿಟಿ. ಪಾತ್ರೆ ತೊಳೆಯುವ ಸಿಂಕು, ಖಾಲಿ ಸಿಲಿಂಡರು, ಪೊರಕೆ, ಹಳೆ ಪೇಪರಿನ ಕಟ್ಟು, ತೆಂಗಿನಕಾಯಿ ಚೀಲ, ಇಷ್ಟರ ನಡುವೆ ಬಟ್ಟೆಯ ಕೆಲಸವೂ ನಡೆಯಬೇಕು. ಹೀಗಾಗಿ ಮನೆಯವರೂ ಎಂಜಿನಿಯರೂ ಕೂಡಿ ಕೇಳಿಕೊಳ್ಳುವ ಪ್ರಶ್ನೆ ಒಂದೇ: ಮಷೀನು ಎಲ್ಲಿ ಹಿಡಿಸುತ್ತದೆ? ನನ್ನ ತಕರಾರು ಈ ಪ್ರಶ್ನೆಯ ಬಗ್ಗೆಯೇ. ಮಷೀನಿಗೆ ಬೇಕಾಗುವುದು ಎರಡಡಿ ಚೌಕದ ಜಾಗ, ಒಂದು ಗಂಟೆ ಅಥವಾ ಒಂದೂವರೆ ಗಂಟೆ ಹೊತ್ತು. ಅದರಿಂದ ಹೊರಬಂದ ಬಟ್ಟೆಗೆ ಬೇಸಿಗೆಯಲ್ಲಿ ಅರ್ಧ ದಿನ, ಜಡಿಮಳೆಯಲ್ಲಿ ಎರಡು-ಮೂರು ದಿನ ಬೇಕು, ಜಾಗವಂತೂ ಮಷೀನಿನ ಹಲವು ಪಟ್ಟು. ಅಂದಮೇಲೆ ಒಗೆಯುವ ಕೋಣೆಯ ಯೋಜನೆ ಶುರುವಾಗಬೇಕಾದದ್ದು ಒಣಗಿಸುವ ಹಗ್ಗದಿಂದ. ಹಗ್ಗಕ್ಕೆ ಸರಿಯಾದ ಜಾಗ ಸಿಕ್ಕಿದರೆ ಮಷೀನು, ನಲ್ಲಿ, ಕಪಾಟು, ಬಣ್ಣ ಎಲ್ಲಕ್ಕೂ ಅದರ ಕೆಳಗೇ ದಾರಿಯಾಗುತ್ತದೆ. ಹಗ್ಗವನ್ನು ಕೊನೆಗೆ ಬಿಟ್ಟರೆ ಎಷ್ಟೇ ದುಬಾರಿ ಟೈಲ್ಸ್ ಹಾಕಿಸಿದರೂ ಮಳೆಗಾಲದಲ್ಲಿ ಹಸಿ ಬಟ್ಟೆ ಸೋಫಾದ ಬೆನ್ನಿಗೆ, ಬಾಗಿಲ ಚಿಲಕಕ್ಕೆ, ಊಟದ ಮನೆಯ ಕುರ್ಚಿಗೆ ಬಂದು ಸೇರುವುದು ತಪ್ಪುವುದಿಲ್ಲ.

ಇದು ಬರೀ ಅಭಿರುಚಿಯ ಮಾತಲ್ಲ, ಸ್ವಲ್ಪ ಲೆಕ್ಕ ಹಾಕಿ ನೋಡಬಹುದು. ಒಣಗಿದ್ದಾಗ 6 ಕಿಲೋ ತೂಗುವ ಬಟ್ಟೆಯನ್ನು ಮಷೀನು ನಿಮಿಷಕ್ಕೆ 1400 ಸುತ್ತಿನ ವೇಗದಲ್ಲಿ ಹಿಂಡಿದರೂ ಅದರಲ್ಲಿ ಸುಮಾರು 3 ಲೀಟರ್ ನೀರು ಉಳಿಯುತ್ತದೆ. 800 ಸುತ್ತಿನ ಮಷೀನಾದರೆ ನಾಲ್ಕೂವರೆ ಲೀಟರಿನ ಹತ್ತಿರ. ಕೈಯಲ್ಲಿ ಹಿಂಡಿದ್ದರೆ ಇನ್ನೂ ಹೆಚ್ಚು. ಈ ನೀರು ಹೋಗಬೇಕಾದದ್ದು ಗಾಳಿಗೆ, ಬೇರೆ ದಾರಿಯಿಲ್ಲ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 23 ಗ್ರಾಂ ನೀರಿನ ಆವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಜುಲೈ ತಿಂಗಳ ಮಂಗಳೂರಿನಲ್ಲಿ ಗಾಳಿಯ ತೇವಾಂಶ ಸಾಮಾನ್ಯವಾಗಿ ಶೇ. 85 ದಾಟಿರುತ್ತದೆ, ಅಂದರೆ ಆ ಗಾಳಿಯಲ್ಲಿ ಹೊಸ ತೇವಕ್ಕೆ ಉಳಿದಿರುವ ಜಾಗ ಘನ ಮೀಟರಿಗೆ ಮೂರೂವರೆ ಗ್ರಾಂ ಮಾತ್ರ. 3 ಲೀಟರ್ ನೀರನ್ನು ಹೊತ್ತೊಯ್ಯಲು 850 ಘನ ಮೀಟರಿಗೂ ಹೆಚ್ಚು ಗಾಳಿ ಬಟ್ಟೆಯ ಮೇಲೆ ಹಾದುಹೋಗಬೇಕು. ನಾಲ್ಕಡಿ-ಆರಡಿಯ ಯುಟಿಲಿಟಿಯಲ್ಲಿ ಹಿಡಿಯುವುದು ಆರೂವರೆ ಘನ ಮೀಟರ್. ಅದರ ಗಾಳಿ ಪೂರ್ತಿಯಾಗಿ 130 ಸಲ ಬದಲಾಗಬೇಕು ಎಂದಾಯಿತು. ಇದು ಕನಿಷ್ಠ ಲೆಕ್ಕ. ನಿಜದಲ್ಲಿ ಗಾಳಿ ತುಂಬಿ ತುಳುಕುವಷ್ಟು ತೇವ ಹೊತ್ತು ಹೊರಡುವುದಿಲ್ಲವಾದ್ದರಿಂದ ಇನ್ನೂ ಹೆಚ್ಚು ಬೇಕು. ಮಳೆ ಒಳಗೆ ಬಡಿಯುತ್ತದೆಂದು ಅದೇ ಯುಟಿಲಿಟಿಗೆ ಗಾಜಿನ ಕಿಟಕಿ ಜಾರಿಸಿ ಮುಚ್ಚಿದರೆ ಬಟ್ಟೆ ಮೂರನೆಯ ದಿನವೂ ಮುಗ್ಗಲು ವಾಸನೆ ಹೊಡೆಯುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಇದೇ ಲೆಕ್ಕವನ್ನು ಏಪ್ರಿಲ್ ತಿಂಗಳ ಕಲಬುರಗಿಗೆ ಹಾಕಿ: 40 ಡಿಗ್ರಿ ಬಿಸಿಲು, ಶೇ. 20ರಷ್ಟು ತೇವಾಂಶ ಇದ್ದರೆ ಒಂದು ಘನ ಮೀಟರ್ ಗಾಳಿಯಲ್ಲಿ 40 ಗ್ರಾಂ ತೇವಕ್ಕೆ ಜಾಗ ಇರುತ್ತದೆ, ಕರಾವಳಿಯ ಹತ್ತು ಪಟ್ಟಿಗೂ ಹೆಚ್ಚು. ಅಲ್ಲಿಯವರ ಚಿಂತೆ ಒಣಗುವುದಲ್ಲ. ದೂಳು, ಮತ್ತು ಬಿಸಿಲಿಗೆ ಬಣ್ಣ ಬಿಡುವ ಇಳಕಲ್ ಸೀರೆ.

ಹಗ್ಗ ಎಷ್ಟು ಉದ್ದ ಬೇಕು ಎಂಬುದನ್ನೂ ಅಳೆದೇ ನೋಡೋಣ. ಅಂಗಿ, ಕುರ್ತಾ, ಟಾಪು ಐದು ಎಂದಿಟ್ಟುಕೊಂಡರೆ ತಲಾ 60 ಸೆಂಟಿಮೀಟರಿನಂತೆ 3 ಮೀಟರ್. ನಾಲ್ಕು ಪ್ಯಾಂಟು ಅಥವಾ ಪೈಜಾಮಕ್ಕೆ ಸುಮಾರು 2 ಮೀಟರ್. ಐದೂವರೆ ಮೀಟರಿನ ಸೀರೆಯನ್ನು ನಾಲ್ಕು ಮಡಿಕೆ ಮಾಡಿದರೂ ಅದು ಒಂದೂಕಾಲು ಮೀಟರಿಗಿಂತ ಹೆಚ್ಚು ಜಾಗ ಹಿಡಿಯುತ್ತದೆ. ಎಂಟು ಮೊಳದ ಪಂಚೆಯೂ ಇದ್ದರೆ ನಾಲ್ಕು ಮಡಿಕೆಗೆ ಇನ್ನೊಂದು ಮೀಟರ್. ಎರಡು ಟವೆಲು, ಒಂದು ಹಾಸಿಗೆ ಹೊದಿಕೆ, ಒಳಉಡುಪು, ಕರ್ಚೀಫು, ಸಾಕ್ಸು ಎಲ್ಲ ಕೂಡಿಸಿದರೆ ಮಷೀನಿನ ಒಂದು ಸಲದ ಬಟ್ಟೆಗೆ 11-12 ಮೀಟರ್ ಹಗ್ಗ ಬೇಕು. ಅಂಗಡಿಯಲ್ಲಿ ಸಿಗುವ, ರಾಟೆಯಿಂದ ಮೇಲಕ್ಕೆಳೆಯುವ ಆರು ಸಲಾಕೆಯ ಸೀಲಿಂಗ್ ಹ್ಯಾಂಗರಿನಲ್ಲಿ 6 ಅಡಿ ಉದ್ದದ್ದನ್ನು ಕೊಂಡರೆ ಒಟ್ಟು 36 ಅಡಿ, ಅಂದರೆ ಸುಮಾರು 11 ಮೀಟರ್. ಒಂದು ಸಲದ ಬಟ್ಟೆಗೆ ಅಲ್ಲಿಗಲ್ಲಿಗೆ ಸಾಕು. ಆದರೆ ಮಳೆಗಾಲದಲ್ಲಿ ಮೊನ್ನೆ ಒಗೆದದ್ದು ಒಣಗುವ ಮೊದಲೇ ಇವತ್ತಿನದು ಬಂದು ನಿಲ್ಲುವುದರಿಂದ ಇದರ ಎರಡು ಪಟ್ಟು ಬೇಕಾಗುತ್ತದೆ. ನಾಲ್ಕು ಜನರ ಮನೆಗೆ 24 ಮೀಟರ್ ಎಂದು ಗಟ್ಟಿಯಾಗಿ ಹಿಡಿದುಕೊಳ್ಳಿ. ಸಲಾಕೆಗಳ ನಡುವಿನ ಅಂತರ ಗೇಣಿಗಿಂತ ಕಡಿಮೆಯಿದ್ದರೆ ಒಂದು ಬಟ್ಟೆಯ ತೇವವನ್ನು ಇನ್ನೊಂದು ಹೀರುತ್ತಾ ಕೂರುತ್ತದೆ. ಹಾಗಾಗಿ ಉದ್ದದಷ್ಟೇ ಅಂತರವನ್ನೂ ನೋಡಿ ಕೊಳ್ಳಬೇಕು. ಕಡಿಮೆ ಬೆಲೆಯ ಹ್ಯಾಂಗರುಗಳು ಎಡವುವುದು ಬಹುಪಾಲು ಇಲ್ಲೇ.

ಸೀಲಿಂಗಿಗೆ ಬಟ್ಟೆ ತೂಗುಹಾಕುವುದು ಹೊಸದಾಗಿ ಬಂದ ಫ್ಯಾಷನ್ನೇನಲ್ಲ. ಮಡಿಯ ಮನೆಗಳಲ್ಲಿ ಜಂತೆಯಿಂದ ಇಳಿಬಿಟ್ಟ ಬಿದಿರ ಗಳಕ್ಕೆ ಕೋಲಿನಿಂದ ಬಟ್ಟೆ ಹರವಿ, ಕೋಲಿನಿಂದಲೇ ತೆಗೆಯುತ್ತಿದ್ದರು. ಅದರ ಕಾರಣ ಮೈಲಿಗೆ, ಮುಟ್ಟು-ಚಟ್ಟಿನ ಲೆಕ್ಕಾಚಾರ. ಆ ಕಾರಣವನ್ನು ಬಿಟ್ಟು ಏರ್ಪಾಟನ್ನಷ್ಟೇ ನೋಡಿದರೆ ಅದು ಬಹಳ ಜಾಣತನದ್ದು. ಬೆಚ್ಚನೆಯ ಗಾಳಿ ಮೇಲೇರುತ್ತದೆ, ಬಟ್ಟೆ ಅಲ್ಲೇ ಇರುತ್ತದೆ, ಕೆಳಗೆ ಓಡಾಡಲು ಜಾಗ ಖಾಲಿ. ಮಲೆನಾಡಿನ ಮನೆಗಳಲ್ಲಿ ಮಳೆಗಾಲದ ಬಟ್ಟೆ ಒಣಗುತ್ತಿದ್ದದ್ದು ಬಚ್ಚಲ ಒಲೆಯ ಆಸುಪಾಸಿನಲ್ಲಿ. ಹೇಗೂ ಹಂಡೆಯ ನೀರಿಗೆ ಬೆಂಕಿ ಉರಿಯುತ್ತಿತ್ತು, ಅದರ ಕಾವಿನಲ್ಲೇ ಬಟ್ಟೆಯೂ ಒಣಗುತ್ತಿತ್ತು, ಜೊತೆಗೆ ಹೊಗೆವಾಸನೆಯೂ ಹತ್ತುತ್ತಿತ್ತು ಅನ್ನಿ. ಈಗಿನ ಮನೆಯಲ್ಲಿ ಹಂಡೆ ಇಲ್ಲ, ಗೀಸರು ಗೋಡೆಯ ಮೇಲಿದೆ, ತಾರಸಿಯ ಮೇಲೆ ಸೋಲಾರು ಕೂತಿದೆ. ಬೆಂಕಿಯ ಜಾಗಕ್ಕೆ ಬೇರೆ ಏನಾದರೂ ಬರಬೇಕಲ್ಲ. ಅದು ಗಾಳಿ.

ಗಾಳಿಯನ್ನು ನಂಬುವುದಾದರೆ ಕೋಣೆಯ ದಿಕ್ಕು ಮುಖ್ಯವಾಗುತ್ತದೆ. ನಮ್ಮ ರಾಜ್ಯದ ಮುಂಗಾರು ಗಾಳಿ ಬೀಸುವುದು ಪಶ್ಚಿಮ ಮತ್ತು ನೈಋತ್ಯದ ಕಡೆಯಿಂದ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಕಡೆ ಜೂನ್-ಜುಲೈನಲ್ಲಿ ದಿನವಿಡೀ ಮೋಡವಿದ್ದರೂ ಈ ಗಾಳಿ ಜೋರಾಗಿರುತ್ತದೆ. ಪಶ್ಚಿಮಕ್ಕೆ ತೆರೆದ ಜಾಗದಲ್ಲಿ ಬಿಸಿಲಿಲ್ಲದೆಯೂ ಬಟ್ಟೆ ಸಂಜೆಯೊಳಗೆ ಒಣಗುವುದು ಇದರಿಂದಲೇ. ಕರಾವಳಿಯಲ್ಲಿ ಅದೇ ಗಾಳಿ ಮಳೆಯನ್ನೂ ಅಡ್ಡಡ್ಡವಾಗಿ ಹೊತ್ತು ತರುವುದರಿಂದ ಪಶ್ಚಿಮದ ಕೋಣೆಗೆ ಮೂರಡಿಯಾದರೂ ಮುಂಚಾಚಿದ ಮಾಡು ಬೇಕು, ಕಿಟಕಿಗೆ ಕೆಳಮುಖದ ಅಡ್ಡಪಟ್ಟಿಗಳ ಲೂವರ್ ಬೇಕು. ಪೂರ್ವದ ಕೋಣೆಗೆ ಬೆಳಗಿನ ಬಿಸಿಲು ಸಿಗುತ್ತದೆ, ಬೆಳಗ್ಗೆಯೇ ಒಗೆಯುವ ಮನೆಗೆ ಒಳ್ಳೆಯದು. ದಕ್ಷಿಣದ್ದು ಚಳಿಗಾಲಕ್ಕೆ ಅನುಕೂಲ, ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಬಿಸಿಲು ಸಜ್ಜೆಯ ಕೆಳಗೂ ನುಗ್ಗಿ ಬರುತ್ತದೆ. ವಾಸ್ತು ಹೇಳುವವರು ಬಟ್ಟೆ ಮಷೀನಿಗೆ ವಾಯವ್ಯ ಮೂಲೆ ಹೇಳುವುದುಂಟು. ವಾಸ್ತುವಿನಲ್ಲಿ ನಂಬಿಕೆ ಇರಲಿ ಬಿಡಲಿ, ಪಶ್ಚಿಮದ ಗಾಳಿಯೂ ಇಳಿಹೊತ್ತಿನ ಬಿಸಿಲೂ ಸಿಗುವ ಆ ಮೂಲೆಯ ಬಗ್ಗೆ ಜಗಳವಾಡುವ ಅಗತ್ಯ ನನಗೆ ಕಾಣುವುದಿಲ್ಲ. ದಿಕ್ಕಿಗಿಂತಲೂ ದೊಡ್ಡ ತಪ್ಪು ಒಂದೇ ಕಡೆ ತೆರವು ಇಡುವುದು. ಗಾಳಿ ಒಳಗೆ ಬಂದರೆ ಸಾಲದು, ಹೊರಗೆ ಹೋಗಲೂ ದಾರಿ ಬೇಕು. ಎದುರು ಗೋಡೆಯಲ್ಲಿ ಕಿಟಕಿ ಇಡಲಾಗದಿದ್ದರೆ ಸೀಲಿಂಗಿನ ಹತ್ತಿರ ಮಣ್ಣಿನ ಜಾಲಿ ಇಟ್ಟಿಗೆಯ ಎರಡು ಸಾಲು, ಅದೂ ಆಗದಿದ್ದರೆ ಒಂದು ಎಕ್ಸಾಸ್ಟ್ ಫ್ಯಾನು. 6 ಅಂಗುಲದ ಸಾಧಾರಣ ಎಕ್ಸಾಸ್ಟ್ ಫ್ಯಾನು ಗಂಟೆಗೆ 200-300 ಘನ ಮೀಟರ್ ಗಾಳಿಯನ್ನು ಹೊರಗೆ ತಳ್ಳುತ್ತದೆ. ಮೇಲೆ ಹೇಳಿದ 850ರ ಲೆಕ್ಕಕ್ಕೆ ಇದನ್ನು ಹೋಲಿಸಿದರೆ, ರಾತ್ರಿಯಿಡೀ ಓಡಿಸಿದಾಗ ಬೆಳಗ್ಗೆ ಬಟ್ಟೆ ಒಣಗಿರುವ ಸಾಧ್ಯತೆ ಎಷ್ಟೆಂಬುದು ಗೊತ್ತಾಗುತ್ತದೆ.

ಇಷ್ಟೆಲ್ಲ ಯಾಕೆ, ಡ್ರೈಯರ್ ಕೊಂಡರೆ ಮುಗಿಯಿತಲ್ಲ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಒಂದು ಲೀಟರ್ ನೀರನ್ನು ಆವಿ ಮಾಡಲು ಹೆಚ್ಚುಕಡಿಮೆ 0.68 ಯೂನಿಟ್ ವಿದ್ಯುತ್ತಿನಷ್ಟು ಶಾಖ ಬೇಕು. ಇದು ಪ್ರಕೃತಿಯ ಲೆಕ್ಕ, ಯಾವ ಕಂಪನಿಯೂ ಇದರಲ್ಲಿ ಚೌಕಾಸಿ ಮಾಡಲಾಗದು. 3 ಲೀಟರಿಗೆ 2 ಯೂನಿಟ್ ಕನಿಷ್ಠ. ಹೀಟರ್ ಕಾಯಿಸಿ ಒಣಗಿಸುವ ಸಾಮಾನ್ಯ ಡ್ರೈಯರಿನಲ್ಲಿ ಸೋರಿಕೆ ಸೇರಿ 3 ಯೂನಿಟ್ ಮೀರುತ್ತದೆ. ಹೀಟ್ ಪಂಪ್ ಇರುವ ಡ್ರೈಯರು ಒಮ್ಮೆ ಬಳಸಿದ ಶಾಖವನ್ನೇ ಮರಳಿ ಹಿಡಿಯುವುದರಿಂದ ಅದರ ಅರ್ಧದಷ್ಟರಲ್ಲಿ ಕೆಲಸ ಮುಗಿಸುತ್ತದೆ, ಆದರೆ ಕೊಳ್ಳುವ ಬೆಲೆ ಜಾಸ್ತಿ. ಇತ್ತ 30 ವಾಟಿನ ಬಿಎಲ್‌ಡಿಸಿ ಫ್ಯಾನನ್ನು ಬಟ್ಟೆಯ ಕೆಳಗೆ ಎಂಟು ಗಂಟೆ ತಿರುಗಿಸಿದರೆ ಕಾಲು ಯೂನಿಟ್ಟೂ ಆಗದು, ಹಳೆಯ 75 ವಾಟಿನ ಫ್ಯಾನಾದರೂ 0.6 ಯೂನಿಟ್. ಫ್ಯಾನು ನೀರನ್ನು ಕಾಯಿಸುವುದಿಲ್ಲ, ಗಾಳಿಯಲ್ಲಿ ಈಗಾಗಲೇ ಇರುವ ಶಾಖವನ್ನು ಬಟ್ಟೆಗೆ ಮುಟ್ಟಿಸುತ್ತದೆ ಅಷ್ಟೇ, ಹಾಗಾಗಿ ಅಗ್ಗ. ಇನ್ನು ಡ್ರೈಯರಿನ ಬಿಸಿಗೆ ಎಲಾಸ್ಟಿಕ್ ಸಡಿಲವಾಗುತ್ತದೆ, ಹತ್ತಿ ಬಟ್ಟೆ ಕುಗ್ಗುತ್ತದೆ, ಪ್ರತಿ ಸಲವೂ ಜಾಲರಿಯಲ್ಲಿ ಸಿಗುವ ನೂಲಿನ ದೂಳು ಬಟ್ಟೆಯದೇ ಭಾಗ. ಹಾಗೆಂದು ಡ್ರೈಯರ್ ಬೇಡವೇ ಬೇಡ ಎನ್ನಲಾರೆ. ಎಳೆಗೂಸಿನ ಬಟ್ಟೆ, ಹಾಸಿಗೆ ಹಿಡಿದ ಹಿರಿಯರ ಹೊದಿಕೆ ಇರುವ ಮನೆಯಲ್ಲಿ, ಆಟಿ ತಿಂಗಳ ಉಡುಪಿ-ಮಂಗಳೂರಿನಲ್ಲಿ, ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಹೊಯ್ಯುವ ಆಗುಂಬೆಯಂಥ ಊರಿನಲ್ಲಿ ಅದು ಐಷಾರಾಮವಲ್ಲ. ಅಲ್ಲಿಯೂ ಫ್ಯಾನಿನ ಕೆಳಗೆ ಮುಕ್ಕಾಲು ಒಣಗಿಸಿ ಕೊನೆಯ ತೇವವನ್ನಷ್ಟೇ ಡ್ರೈಯರಿಗೆ ಬಿಟ್ಟರೆ ಖರ್ಚು ಬಹಳ ಇಳಿಯುತ್ತದೆ. ಅಂದರೆ ಡ್ರೈಯರ್ ಇರುವ ಮನೆಗೂ ಹಗ್ಗ ಬೇಕು.

ಈಗ ಮಷೀನಿಗೆ ಬರೋಣ. ಎದುರಿನಿಂದ ಬಾಗಿಲು ತೆರೆಯುವ ಫ್ರಂಟ್ ಲೋಡ್ ಮಷೀನಿನ ಅಗಲ ಸಾಮಾನ್ಯವಾಗಿ 60, ಎತ್ತರ 85 ಸೆಂಟಿಮೀಟರ್. ಅದರ ತಲೆಯ ಮೇಲೆ ಕಪಾಟೋ ಬಟ್ಟೆ ಮಡಿಸುವ ಹಲಗೆಯೋ ಕೂರಿಸಬಹುದು, ಮೇಲಿನಿಂದ ತುಂಬುವ ಟಾಪ್ ಲೋಡಿನಲ್ಲಿ ಆ ಜಾಗ ಸಿಗುವುದಿಲ್ಲ. ನೀರಿನ ಬಳಕೆಯಲ್ಲೂ ಫ್ರಂಟ್ ಲೋಡ್ ಮಿತವ್ಯಯಿ. ಆದರೆ ಕೊಳ್ಳುವ ಮುಂಚೆ ತಾರಸಿಯ ಟ್ಯಾಂಕಿನತ್ತ ಒಮ್ಮೆ ನೋಡಬೇಕು. 10 ಮೀಟರ್ ಎತ್ತರದ ನೀರು ಕೊಡುವ ಒತ್ತಡ ಸುಮಾರು ಒಂದು ಬಾರ್. ಮೇಲಂತಸ್ತಿನ ಮನೆಯಲ್ಲಿ ಟ್ಯಾಂಕಿನ ತಳ ಮಷೀನಿನ ನಲ್ಲಿಗಿಂತ 3 ಮೀಟರ್ ಮೇಲಿದ್ದರೆ ಸಿಗುವುದು 0.3 ಬಾರ್ ಮಾತ್ರ. ಹಲವು ಮಷೀನುಗಳಿಗೆ ಇದು ಸಾಲುವುದಿಲ್ಲ. ನೀರು ಬರುತ್ತಿಲ್ಲ ಎಂದು ಅಕ್ಷರ ತೋರಿಸಿ ನಿಂತುಬಿಡುತ್ತವೆ. ಒತ್ತಡದ ಪಂಪು ಹಾಕಿಸಬೇಕು, ಇಲ್ಲವೇ ಬಕೆಟ್ಟಿನಿಂದಲೂ ನೀರು ತುಂಬಬಹುದಾದ ಸೆಮಿ ಆಟೋಮ್ಯಾಟಿಕ್ ಸಾಕೆನ್ನಬೇಕು. ವಾರಕ್ಕೆ ಎರಡು ಸಲ ನೀರು ಬಿಡುವ ಊರುಗಳಲ್ಲಿ ಎರಡನೆಯದು ತಿಳಿವಳಿಕೆಯ ಆಯ್ಕೆ, ಅದನ್ನು ಬಡವರ ಮಷೀನು ಎಂದು ಹಳಿಯುವುದು ಸರಿಯಲ್ಲ. ಬೋರ್‌ವೆಲ್ ನೀರಾದರೆ ಗಡಸುತನ ಪರೀಕ್ಷೆ ಮಾಡಿಸಿ. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ. ಇದಕ್ಕಿಂತ ಗಡಸು ನೀರಿನಲ್ಲಿ ಸೋಪು ನೊರೆ ಬಿಡುವ ಬದಲು ಬಿಳಿ ಗಸಿಯಾಗಿ ಬಟ್ಟೆಗೇ ಅಂಟುತ್ತದೆ, ಮಷೀನಿನ ಹೀಟರಿನ ಮೇಲೆ ಸುಣ್ಣ ಕಟ್ಟುತ್ತದೆ. ಆಗಾಗ ಸಿಟ್ರಿಕ್ ಆಸಿಡ್ ಹಾಕಿ ಖಾಲಿ ಮಷೀನು ಓಡಿಸುವುದು ಅಗ್ಗದ ಪರಿಹಾರ.

ವಿದ್ಯುತ್ತಿನ ವಿಷಯ ಬೇಗ ಮುಗಿಸಬಹುದು: ನೀರು ಕಾಯಿಸುವ ಮಷೀನು 2000 ವಾಟಿನಷ್ಟು ಎಳೆಯುತ್ತದೆ, 16 ಆಂಪಿಯರಿನ ಪ್ರತ್ಯೇಕ ಪ್ಲಗ್ಗು ಬೇಕು, ಅದು ನಲ್ಲಿಯಿಂದ ದೂರ, ನೆಲದಿಂದ ನಾಲ್ಕಡಿ ಮೇಲಿರಬೇಕು, ಸರಿಯಾದ ಅರ್ತಿಂಗ್ ಇರಬೇಕು, ಆ ಸಾಲಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು. ಕೈ ಒದ್ದೆ, ಕಾಲು ಒದ್ದೆ ಇರುವ ಜಾಗವಿದು. ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಚರಂಡಿಯ ಹತ್ತಿರ. ಮೇಸ್ತ್ರಿಗಳೂ ಪ್ಲಂಬರುಗಳೂ ನಹಾನಿ ಟ್ರ್ಯಾಪ್ ಎಂದು ಕರೆಯುವ ನೆಲದ ಜಾಲರಿಯನ್ನು ಒಮ್ಮೆ ಎತ್ತಿ ನೋಡಿ. ಅದರ ಬಟ್ಟಲಿನ ಅಂಚಿಗೆ ಬೂದುಬಣ್ಣದ ಲೋಳೆಯಂಥ ಪದರ ಕಟ್ಟಿರುತ್ತದೆ: ಟವೆಲಿನ ನೂಲು, ತಲೆಗೂದಲು, ಕರಗದ ಸೋಪಿನ ಪುಡಿ, ಒಂದು ಗುಂಡಿ, ಕೆಲವೊಮ್ಮೆ ಜೇಬಿನಲ್ಲಿ ಉಳಿದ ಬಸ್ ಟಿಕೆಟಿನ ಮುದ್ದೆ. ಮಷೀನು ನೀರನ್ನು ಒಂದೇ ಉಸಿರಿಗೆ ಹೊರಹಾಕುವುದರಿಂದ ಈ ಬಟ್ಟಲು ಅರ್ಧ ಕಟ್ಟಿದ್ದರೂ ಸಾಕು, ನೊರೆ ನೀರು ಅಡುಗೆ ಮನೆಯ ಹೊಸ್ತಿಲಿಗೆ ಬರುತ್ತದೆ. ಹಾಗಾಗಿ ಮಷೀನಿನ ಪೈಪನ್ನು ನೆಲದ ಜಾಲರಿಗೆ ಬಿಡದೆ ಗೋಡೆಯಲ್ಲಿ 60ರಿಂದ 90 ಸೆಂಟಿಮೀಟರ್ ಎತ್ತರಕ್ಕೆ ನಿಲ್ಲಿಸಿದ ಪ್ರತ್ಯೇಕ ಕೊಳವೆಗೆ ಸಿಕ್ಕಿಸುವುದು ಮೇಲು. ನೆಲಕ್ಕೆ 60 ಅಡಿಗೆ ಒಂದಡಿಯ ಲೆಕ್ಕದಲ್ಲಿ ವಾಟ ಕೊಡಿಸಿ, ಟೈಲ್ಸ್ ಕೂರಿಸಿದ ದಿನವೇ ಒಂದು ಬಕೆಟ್ ನೀರು ಸುರಿದು ಎಲ್ಲಿ ನಿಲ್ಲುತ್ತದೆ ಎಂದು ಮೇಸ್ತ್ರಿಯ ಎದುರಿಗೇ ನೋಡಿ. ಆಮೇಲೆ ಒಡೆಸುವುದು ಯಾರಿಗೂ ಇಷ್ಟವಾಗದ ಕೆಲಸ.

ಮಷೀನು ಬಂತೆಂದು ಒಗೆಯುವ ಕಲ್ಲನ್ನು ಕಿತ್ತುಹಾಕುವ ಮನೆಗಳೇ ಹೆಚ್ಚು. ಅದು ದುಡುಕು. ಅಂಗಿಯ ಕಾಲರು, ಶಾಲೆಯ ಬಿಳಿ ಸಾಕ್ಸು, ಕೆಸರು ಹತ್ತಿದ ಪ್ಯಾಂಟಿನ ಅಂಚು, ಅಡುಗೆ ಮನೆಯ ಮಸಿಬಟ್ಟೆ ಇವಕ್ಕೆ ಇವತ್ತಿಗೂ ಕೈಯ ಉಜ್ಜು ಬೇಕು. ಬಣ್ಣ ಬಿಡುವ ಹೊಸ ಸೀರೆಯನ್ನು ಮಷೀನಿಗೆ ಹಾಕುವ ಧೈರ್ಯ ಯಾರಿಗೂ ಇಲ್ಲ. ಕಿತ್ತುಹಾಕಬೇಕಾದದ್ದು ಕಲ್ಲನ್ನಲ್ಲ, ಅದರ ಎತ್ತರವನ್ನು. ಮೊಣಕಾಲ ಮಟ್ಟದ ಕಲ್ಲಿನ ಮುಂದೆ ಬಾಗಿ, ಕುಕ್ಕರುಗಾಲಲ್ಲಿ ಕೂತು ಮಾಡುವ ಕೆಲಸ ಸೊಂಟಕ್ಕೂ ಮಂಡಿಗೂ ಶಿಕ್ಷೆ. 80ರಿಂದ 85 ಸೆಂಟಿಮೀಟರ್ ಎತ್ತರಕ್ಕೆ, ಎರಡಡಿ ಉದ್ದದ ಒರಟು ಗ್ರಾನೈಟ್ ಚಪ್ಪಡಿಯನ್ನು ಸ್ವಲ್ಪ ಇಳಿಜಾರಾಗಿ ಕೂರಿಸಿ, ಅದರ ಬದಿಗೆ ಆಳವಾದ ತೊಟ್ಟಿಯನ್ನೋ ಸಿಂಕನ್ನೋ ಇಟ್ಟರೆ ನಿಂತೇ ಉಜ್ಜಬಹುದು, ನಿಂತೇ ಜಾಲಿಸಬಹುದು. ಮನೆಗೆಲಸಕ್ಕೆ ಬರುವ ಹೆಂಗಸು ಕೂತೇ ಒಗೆಯುವುದು ರೂಢಿ, ಅವರಿಗದು ಕಷ್ಟವಲ್ಲ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಅವರು ಒಂದೇ ದಿನ ನಾಲ್ಕೈದು ಮನೆಗಳಲ್ಲಿ ಹಾಗೆ ಕೂರುತ್ತಾರೆ ಎಂಬುದನ್ನು ಆ ಮಾತು ಮರೆಯುತ್ತದೆ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ವ್ಯಯಿಸುತ್ತಿದ್ದರು, ಗಂಡಸರು 97 ನಿಮಿಷ. ನಕ್ಷೆಗೆ ಸಹಿ ಹಾಕುವ ಮೊದಲು ಆ 299 ನಿಮಿಷದವರ ಮೊಣಕೈ ಎತ್ತರವನ್ನು ಟೇಪಿನಿಂದ ಅಳೆದು, ಅದಕ್ಕಿಂತ ಒಂದು ಗೇಣು ಕೆಳಗೆ ಕಲ್ಲು ಕೂರಿಸಿ. ಅಳತೆಗೆ ಎರಡು ನಿಮಿಷ ಸಾಕು.

ಜಾಲಿಸಿದ ಕೊನೆಯ ನೀರಿನ ಬಗ್ಗೆಯೂ ಒಂದು ಮಾತು. 2024ರ ಮಾರ್ಚಿನಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಎಂದು ಆದೇಶ ಹೊರಡಿಸಬೇಕಾಯಿತು. ಅಂಥ ಬೇಸಿಗೆಯಲ್ಲಿ ಎಲ್ಲರಿಗೂ ನೆನಪಾಗುವ ಈ ನೀರನ್ನು ಉಳಿದ ದಿನಗಳಲ್ಲಿ ಚರಂಡಿಗೆ ಬಿಡುತ್ತೇವೆ. ಮಷೀನಿನ ಕೊಳವೆಗೆ ಎರಡು ದಾರಿಯ ವಾಲ್ವ್ ಒಂದನ್ನು ಹಾಕಿಸಿ, ಕೊನೆಯ ಸುತ್ತಿನ ನೀರು ಒಂದು ಡ್ರಮ್ಮಿಗೆ ಇಳಿಯುವಂತೆ ಮಾಡಿದರೆ ನೆಲ ಒರೆಸಲು, ಕಕ್ಕಸಿಗೆ ಸುರಿಯಲು ಒದಗುತ್ತದೆ. ಆ ನೀರನ್ನು ದಿನಗಟ್ಟಲೆ ಇಡಬಾರದು, ನಾರುತ್ತದೆ, ಸೊಳ್ಳೆಯೂ ಕೂರುತ್ತದೆ.

ಚೆಂದದ ಮಾತನ್ನು ಇಷ್ಟು ತಡವಾಗಿ ಎತ್ತಿದ್ದಕ್ಕೆ ಕಾರಣವಿದೆ. ಒಗೆಯುವ ಕೋಣೆ ಗೆಲುವಾಗಿ ಕಾಣಲು ಬಣ್ಣಕ್ಕಿಂತ ಮೊದಲು ಬೇಕಾದದ್ದು ಬೆಳಕು ಮತ್ತು ಒಣ ನೆಲ. ಒದ್ದೆ ನೆಲದ, ನಲವತ್ತು ವಾಟಿನ ಹಳದಿ ಬಲ್ಬಿನ ಕೋಣೆಗೆ ಯಾವ ಬಣ್ಣ ಬಳಿದರೂ ಅದು ಸ್ಮಶಾನದ ಕಾವಲು ಕೋಣೆಯಂತೆಯೇ ಇರುತ್ತದೆ. ಹೆಂಚಿನ ಮಾಡು ಇರುವಲ್ಲಿ ಉಪಾಯ ಸುಲಭ: ನಾಲ್ಕು ಮಣ್ಣಿನ ಹೆಂಚು ತೆಗೆದು ಅದೇ ಅಚ್ಚಿನ ಗಾಜಿನ ಹೆಂಚು ಕೂರಿಸಿದರಾಯಿತು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಕರಾವಳಿಯುದ್ದಕ್ಕೂ ಹಬ್ಬಿದ ಮಾಡಿನ ಒಂದು ಅನುಕೂಲವಿದು, ಒಡೆದರೆ ಒಂದನ್ನೇ ಬದಲಾಯಿಸಬಹುದು. ಆರ್‌ಸಿಸಿ ಮನೆಯಲ್ಲಿ ಕಿಟಕಿಯನ್ನು ಎತ್ತರಕ್ಕೆ ಒಯ್ದಷ್ಟೂ ಬೆಳಕು ಒಳಕ್ಕೆ ಬರುತ್ತದೆ. ಗೋಡೆಗೆ ತಿಳಿ ಹಳದಿ ಅಥವಾ ಸುಣ್ಣದ ಬಿಳಿ, ನಾಲ್ಕಡಿಯವರೆಗೆ ಟೈಲ್ಸ್. ಪೂರ್ತಿ ಬಿಳಿ ಟೈಲ್ಸ್ ಬೇಡ, ಆಸ್ಪತ್ರೆಯ ನೆನಪು ಬರುತ್ತದೆ. ನೆಲಕ್ಕೆ ಕಾಲು ಜಾರದ ಒರಟು ಟೈಲ್ಸ್ ಇರಲಿ. ನುಣುಪಾದ ರೆಡ್ ಆಕ್ಸೈಡ್ ಎಷ್ಟು ಚೆಂದವೋ ಸೋಪಿನ ನೀರು ಬಿದ್ದಾಗ ಅಷ್ಟೇ ಅಪಾಯ. ಬಣ್ಣದ ಹುಚ್ಚು ಇದ್ದರೆ ಬುಟ್ಟಿಗಳಲ್ಲಿ ತೀರಿಸಿಕೊಳ್ಳಿ. ಬಿಳಿ, ಬಣ್ಣ, ಬಹಳ ಕೊಳೆ ಎಂದು ಮೂರು ಬುಟ್ಟಿ ಇಟ್ಟರೆ ವಿಂಗಡಿಸುವ ಕೆಲಸ ಬಟ್ಟೆ ಬಿಚ್ಚಿದವರದೇ ಆಗುತ್ತದೆ, ಮಕ್ಕಳಿಗೂ ಬುಟ್ಟಿಯ ಬಣ್ಣ ನೋಡಿ ಹಾಕುವುದು ಬೇಗ ರೂಢಿಯಾಗುತ್ತದೆ. ಗೋಡೆಗೆ ಒಂದು ಕೊಕ್ಕೆಯ ಸಾಲು, ಕ್ಲಿಪ್ಪಿನ ಚೀಲಕ್ಕೊಂದು ಜಾಗ, ಸೋಪಿನ ಪುಡಿಗೆ ಕಣ್ಣಿನ ಮಟ್ಟದಲ್ಲಿ ಒಂದು ಹಲಗೆ. ಖಾಲಿ ಸಿಲಿಂಡರು, ತೆಂಗಿನಕಾಯಿ ಚೀಲ, ಹಳೆ ಪೇಪರು ಅಲ್ಲಿಂದ ಕದಲಲಿ. ಈ ಕೋಣೆಯ ಮಟ್ಟಿಗೆ ಅತ್ಯಂತ ಅಗ್ಗದ ಅಲಂಕಾರ ಅದೇ.

ಮನೆಯ ಬೆನ್ನಿಗಿರುವ ಜಾಗಕ್ಕೆ ಇಷ್ಟು ಖರ್ಚೇಕೆ, ಅಲ್ಲಿಗೆ ಯಾವ ನೆಂಟರು ಬರುತ್ತಾರೆ ಎಂಬ ಆಕ್ಷೇಪ ಹಳೆಯದು. ಉತ್ತರ ಲೆಕ್ಕದಲ್ಲೇ ಇದೆ. ಹಜಾರದ ಫಾಲ್ಸ್ ಸೀಲಿಂಗಿನ ಒಂದು ಮೂಲೆಗೆ ಆಗುವ ವೆಚ್ಚದಲ್ಲಿ ಇಲ್ಲಿ ಹೇಳಿದ ರಾಟೆಯ ಹ್ಯಾಂಗರು, ಫ್ಯಾನು, ಚಪ್ಪಡಿ ಕಲ್ಲು ಬಹುಮಟ್ಟಿಗೆ ಮುಗಿಯುತ್ತವೆ. ಸೀಲಿಂಗನ್ನು ಯಾರೂ ದಿನಾ ನೋಡುವುದಿಲ್ಲ, ಬಟ್ಟೆ ದಿನಾ ಇರುತ್ತದೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಅಪಾರ್ಟ್‌ಮೆಂಟಿನವರದು. ಬಾಲ್ಕನಿಯಲ್ಲಿ ಬಟ್ಟೆ ಕಾಣುವಂತೆ ಹರವಬಾರದು ಎಂದು ಎಷ್ಟೋ ಸಂಘಗಳು ನಿಯಮ ಮಾಡಿವೆ, ತಾರಸಿಗೆ ಬೀಗ ಹಾಕಿವೆ. ಸೂರ್ಯನನ್ನು ಬಿಟ್ಟಿಯಾಗಿ ಪಡೆದ ನಾಡಿನಲ್ಲಿ ಇದು ವಿಚಿತ್ರ ನಾಚಿಕೆ ಎಂದೇ ನನ್ನ ಅನಿಸಿಕೆ. ಸಂಘದ ಸಭೆಯಲ್ಲಿ ತಾರಸಿಯ ಒಂದು ಭಾಗಕ್ಕೆ ಕಂಬ ನೆಟ್ಟು ಹಗ್ಗ ಕಟ್ಟಲು ಒತ್ತಾಯಿಸುವುದು ಮನೆಮನೆಗೆ ಡ್ರೈಯರ್ ಕೊಳ್ಳುವುದಕ್ಕಿಂತ ಸುಲಭ. ಅಲ್ಲಿಯವರೆಗೆ ಬಾಲ್ಕನಿಯ ಕಟಾಂಜನಕ್ಕಿಂತ ಕೆಳಗೆ ನಿಲ್ಲುವ ಮಡಚುವ ಸ್ಟ್ಯಾಂಡು ನಿಯಮವನ್ನೂ ಮೀರುವುದಿಲ್ಲ, ಗಾಳಿಯನ್ನೂ ಕಳೆದುಕೊಳ್ಳುವುದಿಲ್ಲ. ಪಾರಿವಾಳದ ಕಾಟಕ್ಕೆ ಗಾಜು ಹಾಕಿಸುವ ಬದಲು ಬಲೆ ಕಟ್ಟಿಸಿ. ಹಕ್ಕಿ ಬಾರದು, ಗಾಳಿ ಬರುತ್ತದೆ.

ಬಾಡಿಗೆ ಮನೆಯವರಿಗೆ ಗೋಡೆ ಒಡೆಯುವ, ಕಲ್ಲು ಎತ್ತರಿಸುವ ಸ್ವಾತಂತ್ರ್ಯವಿಲ್ಲ ನಿಜ. ಅವರು ಖರ್ಚು ಮಾಡಬೇಕಾದ ಕ್ರಮ ಬೇರೆ. ಮೊದಲು ಮಷೀನು ಬದಲಿಸುವಾಗ ಹಿಂಡುವ ವೇಗ ಹೆಚ್ಚಿರುವುದನ್ನು ಆರಿಸಿ, 800ಕ್ಕೂ 1400ಕ್ಕೂ ಒಂದೂವರೆ ಲೀಟರ್ ನೀರಿನ ವ್ಯತ್ಯಾಸ, ಒಣಗುವ ಹೊತ್ತು ಅಷ್ಟರಲ್ಲೇ ಮೂರನೇ ಒಂದು ಪಾಲು ಉಳಿಯುತ್ತದೆ. ಆಮೇಲೆ ಚಕ್ರವಿರುವ ಸ್ಟ್ಯಾಂಡು ಮತ್ತು ಒಂದು ಟೇಬಲ್ ಫ್ಯಾನು, ಎರಡೂ ಮನೆ ಬದಲಿಸಿದಾಗ ಜೊತೆಗೇ ಬರುತ್ತವೆ. ಅಂಗಿ, ಟಾಪುಗಳನ್ನು ಒದ್ದೆಯಿರುವಾಗಲೇ ಕೊಡವಿ ಹ್ಯಾಂಗರಿಗೆ ಹಾಕಿ ಸಲಾಕೆಗೆ ತೂಗಿದರೆ ಜಾಗವೂ ಉಳಿಯುತ್ತದೆ, ಸುಕ್ಕೂ ಕಡಿಮೆ, ಇಸ್ತ್ರಿ ಗಾಡಿಯವರಿಗೆ ಕೊಡುವ ಗಂಟು ಅರ್ಧವಾಗುತ್ತದೆ. ಮನೆ ಮಾಲೀಕರು ಒಪ್ಪಿದರೆ ಸೀಲಿಂಗಿಗೆ ನಾಲ್ಕು ಕೊಕ್ಕೆ ಹೊಡೆಸಿ ರಾಟೆಯ ಹ್ಯಾಂಗರು ತೂಗುಹಾಕಿ. ಖಾಲಿ ಮಾಡುವ ದಿನ ಅದನ್ನು ಬಿಚ್ಚಿಕೊಂಡು, ನಾಲ್ಕು ತೂತಿಗೆ ವೈಟ್ ಸಿಮೆಂಟ್ ತುಂಬಿದರೆ ಅಡ್ವಾನ್ಸಿನಲ್ಲಿ ಕಡಿತ ಮಾಡಲು ಯಾರಿಗೂ ನೆಪ ಸಿಗದು.